ಏನೂ ಮುಟ್ಟಿಲ್ಲ ಸಾರ್

ಕಂಪ್ಯೂಟರನ್ನು ರಿಪೇರಿಗೆ ತಂದವರು ಮೊದಲು ಹೇಳುತ್ತಿದ್ದ ಮಾತು ಇದು. ‘ಏನೂ ಮುಟ್ಟಿಲ್ಲ ಸಾರ್, ನಿನ್ನೆವರೆಗೂ ಚೆನ್ನಾಗಿತ್ತು.’ 2000ದ ಆಸುಪಾಸಿನಲ್ಲಿ ತುಮಕೂರಿನಲ್ಲಿ ನಾನು ಸರ್ವಿಸ್ ಕೆಲಸ ಹಿಡಿದಾಗ ಈ ಮಾತನ್ನು ನಂಬುವ ಹಾಗಿರಲಿಲ್ಲ. ಸಮಾಧಾನವಾಗಿ ಕೇಳುತ್ತ ಹೋದರೆ ಹೊಸ ಗೇಮಿನ ಸಿಡಿ ಹಾಕಿದ್ದು, ಭಾವಮೈದ ಬಂದು ಏನೋ ಇನ್‌ಸ್ಟಾಲ್ ಮಾಡಿದ್ದು, ಟೇಬಲ್ಲನ್ನು ಕಿಟಕಿ ಪಕ್ಕಕ್ಕೆ ಎಳೆದದ್ದು ಒಂದೊಂದಾಗಿ ಹೊರಗೆ ಬರುತ್ತಿತ್ತು. ಇವತ್ತು ಅದೇ ಮಾತನ್ನು ಯಾರಾದರೂ ಫೋನಿನಲ್ಲಿ ಹೇಳಿದರೆ ನಂಬುತ್ತೇನೆ. ಅವರು ನಿಜವಾಗಿಯೂ ಏನನ್ನೂ ಮುಟ್ಟಿರುವುದಿಲ್ಲ. ರಾತ್ರಿ ಅವರು ಮಲಗಿದ್ದಾಗ ಸಿಸ್ಟಂ ತಾನಾಗಿಯೇ ಡಿಸ್‌ಪ್ಲೇ ಡ್ರೈವರ್ ಬದಲಿಸಿಕೊಂಡಿರುತ್ತದೆ. ಗ್ರಾಫಿಕ್ಸ್ ಕಾರ್ಡಿನ ತೊಂದರೆ ಹುಡುಕುವ ಕೆಲಸದಲ್ಲಿ ಅಂದಿನಿಂದ ಇಂದಿಗೆ ಆಗಿರುವ ದೊಡ್ಡ ಬದಲಾವಣೆ ಯಾವುದು ಎಂದು ಕೇಳಿದರೆ ನನ್ನ ಉತ್ತರ ಇದೇ. ವೇಗ, ಬೆಲೆ, ಗಾತ್ರ ಎಲ್ಲ ಆಮೇಲಿನವು.

ಆಗ ನಮ್ಮ ಊರಿನಲ್ಲಿ ಬ್ರಾಂಡೆಡ್ ಕಂಪ್ಯೂಟರ್ ಅಂದರೆ ಬ್ಯಾಂಕು, ಸರ್ಕಾರಿ ಕಚೇರಿ. ಉಳಿದವರದ್ದೆಲ್ಲ ಅಸೆಂಬಲ್ ಮಾಡಿದ ಸಿಸ್ಟಂ. ಸಾಮಾನು ಬೆಂಗಳೂರಿನ ಎಸ್.ಪಿ. ರಸ್ತೆಯದ್ದು. ಬೆಳಗ್ಗೆ ಬಸ್ಸು ಹತ್ತಿ ಹೋಗಿ, ಮದರ್‌ಬೋರ್ಡು ಒಂದು ಅಂಗಡಿಯಲ್ಲಿ, ಕಾರ್ಡು ಇನ್ನೊಂದರಲ್ಲಿ, ಎಸ್‌ಎಂಪಿಎಸ್ (ಪವರ್ ಸಪ್ಲೈ) ಸಮೇತ ಕ್ಯಾಬಿನೆಟ್ಟು ಮಗದೊಂದರಲ್ಲಿ ಕೊಂಡು ಸಂಜೆ ವಾಪಸ್. ಕಾರ್ಡಿನ ಜೊತೆ ತೆಳ್ಳನೆಯ ಕವರಿನಲ್ಲಿ ಒಂದು ಡ್ರೈವರ್ ಸಿಡಿ ಬರುತ್ತಿತ್ತು. ಆ ಸಿಡಿ ಕಳೆದರೆ ಅರ್ಧ ದಿನದ ಕೆಲಸ ಹೆಚ್ಚಾಯಿತು ಎಂದೇ ಅರ್ಥ. ಡ್ರೈವರ್ ಇಲ್ಲದ ವಿಂಡೋಸ್ 98 ತೆರೆದುಕೊಳ್ಳುತ್ತಿದ್ದುದು 640 ಗುಣಿಸು 480ರ ಪರದೆಯಲ್ಲಿ, 16 ಬಣ್ಣಗಳಲ್ಲಿ. ಐಕಾನುಗಳು ಅಂಗೈ ಅಗಲ ಕಾಣುತ್ತಿದ್ದವು. ಪೇಜ್‌ಮೇಕರ್ ತೆರೆದರೆ ಪುಟಕ್ಕಿಂತ ಮೆನುವೇ ಹೆಚ್ಚು ಜಾಗ ತಿನ್ನುತ್ತಿತ್ತು. ಡಿಟಿಪಿಯವರಿಗೆ ಅಂಥ ಪರದೆಯಲ್ಲಿ ಮದುವೆ ಕಾರ್ಡು ಮಾಡಲು ಆಗುತ್ತಿರಲಿಲ್ಲ.

ಸಿಡಿ ಇಲ್ಲದಾಗ ಕಾರ್ಡನ್ನು ಬಿಚ್ಚಿ ಚಿಪ್ಪಿನ ಮೇಲಿನ ಅಕ್ಷರ ಓದಬೇಕಿತ್ತು. ಎಸ್3, ಟ್ರೈಡೆಂಟ್, ಸಿಸ್, ಇಂಟೆಲ್‌ನ ಐ740, ಆಮೇಲೆ ರಿವಾ ಟಿಎನ್‌ಟಿ. ಹೀಟ್‌ಸಿಂಕ್ ಅಂಟಿಸಿದ್ದರೆ ಅದೂ ಕಾಣದು. ಆಗ ಸಿಸ್ಟಂ ತಾನೇ ಹೇಳುವ ನಂಬರುಗಳ ಮೊರೆ ಹೋಗಬೇಕು. ಪ್ರತಿ ಕಾರ್ಡಿಗೂ ತಯಾರಕರ ಒಂದು ಸಂಖ್ಯೆ, ಚಿಪ್ಪಿನ ಒಂದು ಸಂಖ್ಯೆ ಇರುತ್ತದೆ. 10ಡಿಇ ಅಂದರೆ ಎನ್ವಿಡಿಯಾ, 1002 ಅಂದರೆ ಎಟಿಐ, 5333 ಅಂದರೆ ಎಸ್3, 8086 ಅಂದರೆ ಇಂಟೆಲ್. ಈ ನಾಲ್ಕು ಗೊತ್ತಿದ್ದರೆ ಹೆಸರಿಲ್ಲದ ಬಹಳಷ್ಟು ಕಾರ್ಡುಗಳ ಮೂಲ ಹಿಡಿಯಬಹುದಿತ್ತು. ಈಗಲೂ ಹಿಡಿಯಬಹುದು, ಆ ಸಂಖ್ಯೆಗಳು ಬದಲಾಗಿಲ್ಲ. ಮೂಲ ಗೊತ್ತಾದ ಮೇಲೆ ಡೌನ್‌ಲೋಡ್. 56ಕೆ ಮೋಡೆಮ್ಮಿನಲ್ಲಿ ಸೆಕೆಂಡಿಗೆ ನಾಲ್ಕೈದು ಕೆಬಿ ಬಂದರೆ ಹೆಚ್ಚು. ಹತ್ತು ಎಂಬಿ ಫೈಲಿಗೆ ಮುಕ್ಕಾಲು ಗಂಟೆ ಹತ್ತಿರ ಕಾಯಬೇಕು, ನಡುವೆ ಯಾರಾದರೂ ಲ್ಯಾಂಡ್‌ಲೈನ್ ಎತ್ತಿದರೆ ಮತ್ತೆ ಮೊದಲಿಂದ. ಇವತ್ತಿನ ಎನ್ವಿಡಿಯಾ ಡ್ರೈವರ್ ಆರುನೂರು ಎಂಬಿ ದಾಟುತ್ತದೆ. ಆ ಕಾಲದ ಎಷ್ಟೋ ಹಾರ್ಡ್‌ಡಿಸ್ಕುಗಳಲ್ಲಿ ಅಷ್ಟು ಖಾಲಿ ಜಾಗವೇ ಇರುತ್ತಿರಲಿಲ್ಲ.

ಇಷ್ಟಾದರೂ ಆಗಿನ ಕೆಲಸದಲ್ಲಿ ಕೈಗೆ, ಕಿವಿಗೆ, ಮೂಗಿಗೆ ಸಿಗುವ ಸುಳಿವು ಹೆಚ್ಚಿತ್ತು. ಆನ್ ಮಾಡಿದಾಗ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಅವಾರ್ಡ್ ಬಯಾಸ್ ಇರುವ ಬೋರ್ಡಿನಲ್ಲಿ ಡಿಸ್‌ಪ್ಲೇ ಕಾರ್ಡ್ ಸಿಗುತ್ತಿಲ್ಲ ಎಂದರ್ಥ. ಕಾರ್ಡ್ ತೆಗೆದು ಅದರ ಹಳದಿ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಬಹಳ ಸಲ ಡಿಸ್‌ಪ್ಲೇ ಬರುತ್ತಿತ್ತು. ನೋಡುವವರಿಗೆ ಇದು ಗಿಮಿಕ್ಕಿನ ಹಾಗೆ ಕಾಣುತ್ತದೆ. ಕಾರಣ ಸರಳ: ಧೂಳು, ತೇವ ಸೇರಿ ಕಟ್ಟಿದ ಪದರ ಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಈಗಿನ ಬಹುತೇಕ ಬೋರ್ಡುಗಳಲ್ಲಿ ಬೀಪ್ ಮಾಡುವ ಸ್ಪೀಕರ್ ಇಲ್ಲ. ಅಂಚಿನಲ್ಲಿ ವಿಜಿಎ ಎಂದು ಬರೆದ ಪುಟ್ಟ ದೀಪ ಹತ್ತುತ್ತದೆ. ಹೇಳುವ ವಿಷಯ ಅದೇ, ರಬ್ಬರಿನ ಕೆಲಸವೂ ಅದೇ.

ಹ್ಯಾಂಗ್ ಆಗುವ ಕಾರ್ಡಿನಲ್ಲಿ ಮೊದಲು ನೋಡಬೇಕಾದದ್ದು ಫ್ಯಾನು. ಹೀಟ್‌ಸಿಂಕನ್ನು ಕಾರ್ಡಿಗೆ ಹಿಡಿದಿರುತ್ತಿದ್ದುದು ಸ್ಪ್ರಿಂಗ್ ಇರುವ ಎರಡು ಪ್ಲಾಸ್ಟಿಕ್ ಗೂಟಗಳು. ಹಿಂಬದಿಯಿಂದ ಅವುಗಳ ಮೂತಿಯನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿ ತಳ್ಳಿದರೆ ಹೀಟ್‌ಸಿಂಕ್ ಬಿಡುತ್ತಿತ್ತು. ಒಳಗಿನ ಪೇಸ್ಟು ಗೋಡೆಯ ಹಳೇ ಸುಣ್ಣದ ಹಾಗೆ ಒಣಗಿ ಚಕ್ಕೆ ಏಳುತ್ತಿತ್ತು. ಅದನ್ನು ಸ್ಪಿರಿಟ್ ಹಾಕಿ ಒರೆಸಿ, ಹೊಸ ಪೇಸ್ಟ್ ಅಕ್ಕಿಕಾಳಿನಷ್ಟು ಇಟ್ಟು ಕೂರಿಸಬೇಕು. ಫ್ಯಾನಿನ ನಡುವಿನ ಸ್ಟಿಕ್ಕರ್ ಅರ್ಧ ಎತ್ತಿ ಹೊಲಿಗೆ ಮಿಷನ್ ಎಣ್ಣೆ ಒಂದು ತೊಟ್ಟು ಬಿಟ್ಟರೆ ಗೊರಗೊರ ಶಬ್ದ ನಿಂತು ಆರು ತಿಂಗಳೋ ವರ್ಷವೋ ತಿರುಗುತ್ತಿತ್ತು. ಎಣ್ಣೆ ಎರಡು ತೊಟ್ಟಾದರೆ ಸ್ಟಿಕ್ಕರ್ ಮತ್ತೆ ಅಂಟದು, ಎಣ್ಣೆ ಹೊರಗೆ ಚಿಮ್ಮಿ ಕಾರ್ಡಿನ ಮೇಲೆ ಧೂಳು ಕೂರಿಸುತ್ತದೆ. ಕೊನೆಗೆ ಕಪಾಸಿಟರುಗಳು. ಆ ಕಾಲದಲ್ಲಿ ಕಳಪೆ ದ್ರಾವಣ ತುಂಬಿದ ಕಪಾಸಿಟರುಗಳು ಜಗತ್ತಿನಾದ್ಯಂತ ಬೋರ್ಡುಗಳನ್ನು ಕೆಡಿಸಿದವು. ತಲೆ ಚಪ್ಪಟೆಯಾಗಿರಬೇಕಾದ್ದು ಉಬ್ಬಿರುತ್ತಿತ್ತು, ಕೆಲವು ಒಡೆದು ಕಂದು ಬಣ್ಣದ ರಸ ಒಣಗಿರುತ್ತಿತ್ತು. ಅಂಥ ಬೋರ್ಡಿನಲ್ಲಿ ಯಾವ ಡ್ರೈವರ್ ಹಾಕಿದರೂ ಕಾರ್ಡ್ ನಿಲ್ಲದು. 105 ಡಿಗ್ರಿ ತಾಳುವ, ಅದೇ ವೋಲ್ಟೇಜಿನ ಕಪಾಸಿಟರ್ ತಂದು ಬೆಸುಗೆ ಹಾಕಿದರೆ ಗಿರಾಕಿಯ ಸಾವಿರಾರು ರೂಪಾಯಿ ಉಳಿಯುತ್ತಿತ್ತು. ಈ ಕೆಲಸ ನನಗೆ ಬಹಳ ಇಷ್ಟವಾಗಿತ್ತು. ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು.

ಬೆರಳಿಟ್ಟು ತೋರಿಸಲಾಗದ ತೊಂದರೆಯಿಂದ ಕಲಿತದ್ದು ಬೇರೆ. ಒಂದು ಡಿಟಿಪಿ ಸೆಂಟರ್. ವಿಂಡೋಸ್ ಎಕ್ಸ್‌ಪಿ ಇದ್ದ ಸಿಸ್ಟಂ, ದಿನಕ್ಕೆ ಹಲವು ಸಲ ನೀಲಿ ಪರದೆ. ಪರದೆಯ ಮೇಲೆ ಸ್ಪಷ್ಟವಾಗಿ ಡಿಸ್‌ಪ್ಲೇ ಡ್ರೈವರಿನ ಫೈಲಿನ ಹೆಸರು: ಡ್ರೈವರ್ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಕೊಂಡಿದೆ ಎಂಬ ದೂರು. ಬೇರೆ ಯಾರೋ ಆಗಲೇ ಫಾರ್ಮ್ಯಾಟ್ ಹೊಡೆದಿದ್ದರು, ಡ್ರೈವರ್ ಹೊಸದು ಹಾಕಿದ್ದರು, ಹಳೆಯದಕ್ಕೆ ಮರಳಿದ್ದರು, ಕಾರ್ಡನ್ನೇ ಬದಲಿಸಿದ್ದರು. ಏನೂ ಪ್ರಯೋಜನವಾಗಿರಲಿಲ್ಲ.

‘ಯಾವಾಗ ಆಗುತ್ತಮ್ಮ?’ ಎಂದು ಆಪರೇಟರ್ ಹುಡುಗಿಯನ್ನು ಕೇಳಿದೆ.

‘ಯಾವಾಗ್ ಬೇಕಾದ್ರೂ ಆಗುತ್ತೆ ಅಣ್ಣ. ಅರ್ಜೆಂಟ್ ಕೆಲಸ ಇದ್ದಾಗ್ಲೇ ಜಾಸ್ತಿ.’

ಅರ್ಜೆಂಟ್ ಅಂದರೆ ಪ್ರಿಂಟ್ ಕೊಡುವ ಹೊತ್ತು. ಪಕ್ಕದಲ್ಲಿ ಕೂತು ಒಂದು ಪುಟ ಪ್ರಿಂಟ್ ಕೊಡಿ ಎಂದೆ. ಲೇಸರ್ ಪ್ರಿಂಟರ್ ಎದ್ದು ಗುಂಯ್‌ಗುಟ್ಟತೊಡಗಿದ ಕ್ಷಣದಲ್ಲೇ ಮೇಜಿನ ಕೆಳಗಿದ್ದ ಯುಪಿಎಸ್ಸಿನಿಂದ ಟಕ್ ಎಂಬ ಸದ್ದು ಬಂತು. ಪ್ರಿಂಟರನ್ನೂ ಅದೇ ಯುಪಿಎಸ್ಸಿಗೆ ಸಿಕ್ಕಿಸಿದ್ದರು. ಲೇಸರ್ ಪ್ರಿಂಟರಿನಲ್ಲಿ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಬಿಸಿ ರೋಲರ್ ಇರುತ್ತದೆ. ಅದು ಕಾಯುವಾಗ ಒಮ್ಮೆಲೇ ನೂರಾರು ವ್ಯಾಟ್ ಎಳೆಯುತ್ತದೆ. 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವ್ಯಾಟ್ ಮಾತ್ರ. ವೋಲ್ಟೇಜ್ ಕುಸಿಯುತ್ತದೆ, ಯುಪಿಎಸ್ ಬ್ಯಾಟರಿಗೆ ಹಾರುತ್ತದೆ, ಆ ಚೂರು ಹೊತ್ತನ್ನು ಕಡಿಮೆ ಬೆಲೆಯ ಎಸ್‌ಎಂಪಿಎಸ್ ತಡೆದುಕೊಳ್ಳುವುದಿಲ್ಲ. ಕಾರ್ಡಿನ ಚಿಪ್ಪು ಕೆಲಸದ ನಡುವೆ ನಿಲ್ಲುತ್ತದೆ. ಡ್ರೈವರ್ ಉತ್ತರಕ್ಕಾಗಿ ಕಾದು ಕೂರುತ್ತದೆ. ಕಾಯುತ್ತಿರುವವನ ಹೆಸರನ್ನೇ ವಿಂಡೋಸ್ ನೀಲಿ ಪರದೆಯಲ್ಲಿ ಬರೆಯುತ್ತದೆ. ಪ್ರಿಂಟರಿನ ವಯರನ್ನು ಗೋಡೆಯ ಪ್ಲಗ್ಗಿಗೆ ಹಾಕಿದೆವು. ನೀಲಿ ಪರದೆ ನಿಂತಿತು.

ಅದೇ ಅಂಗಡಿಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತಿತ್ತು. ಅರ್ಥಿಂಗ್ ಇಲ್ಲದ ಕಟ್ಟಡದಲ್ಲಿ ಇದು ಸಾಮಾನ್ಯ. ಎಸ್‌ಎಂಪಿಎಸ್ಸಿನ ಒಳಗಿನ ಫಿಲ್ಟರ್ ಕಪಾಸಿಟರುಗಳಿಂದಾಗಿ ಕ್ಯಾಬಿನೆಟ್ಟಿನ ಮೇಲೆ ಲೈನಿನ ಅರ್ಧ ವೋಲ್ಟೇಜ್, ಅಂದರೆ 110ರ ಹತ್ತಿರ ಕಾಣಿಸುತ್ತದೆ. ಕರೆಂಟು ತೀರ ಕಡಿಮೆ, ಪ್ರಾಣಾಪಾಯವಿಲ್ಲ. ಆದರೆ ಸಿಸ್ಟಂ ಆನ್ ಇರುವಾಗ ಮಾನಿಟರಿನ ಕೇಬಲ್ ತೆಗೆದು ಹಾಕಿದರೆ ಕಾರ್ಡಿನ ಪೋರ್ಟನ್ನು ಸುಡುವಷ್ಟು ಸಾಕು. ಕಾರ್ಡು ಪದೇ ಪದೇ ಸುಟ್ಟರೆ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಎಂದು ಎಷ್ಟೋ ಮಂದಿಗೆ ಹೇಳಿದ್ದೇನೆ. ಕರೆಸಿದವರು ಕಡಿಮೆ. ಇವತ್ತಿಗೂ ನಮ್ಮ ಸಣ್ಣ ಊರುಗಳ ಅಂಗಡಿಗಳಲ್ಲಿ ಈ ಪರಿಸ್ಥಿತಿ ಹೆಚ್ಚು ಸುಧಾರಿಸಿಲ್ಲ, ಮೇಜಿನ ಮೇಲೆ ಮಾತ್ರ ಲಕ್ಷದ ಕಾರ್ಡು ಬಂದಿದೆ.

2007ರ ಜನವರಿಯಲ್ಲಿ ವಿಸ್ತಾ ಬಂತು. ಜನ ಅದನ್ನು ಬೈದು ಬಿಟ್ಟರು, ಆದರೆ ನನ್ನ ಕೆಲಸದ ಮಟ್ಟಿಗೆ ಅದು ತಂದ ಒಂದು ಬದಲಾವಣೆ ದೊಡ್ಡದು. ಅಲ್ಲಿಯವರೆಗೆ ಕಾರ್ಡ್ ನಿಂತರೆ ಸಿಸ್ಟಂ ಸತ್ತ ಹಾಗೆ. ವಿಸ್ತಾದ ಡ್ರೈವರ್ ವ್ಯವಸ್ಥೆಯಲ್ಲಿ ಕಾರ್ಡ್ ಎರಡು ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ರೀಸೆಟ್ ಮಾಡುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬರುತ್ತದೆ, ಮೂಲೆಯಲ್ಲಿ ಡಿಸ್‌ಪ್ಲೇ ಡ್ರೈವರ್ ನಿಂತಿತ್ತು, ಸರಿಹೋಯಿತು ಎಂಬ ಸಂದೇಶ. ಸೇವ್ ಮಾಡದ ಕೆಲಸ ಎಷ್ಟೋ ಸಲ ಉಳಿಯುತ್ತದೆ. ಇವೆಂಟ್ ವ್ಯೂವರಿನಲ್ಲಿ 4101 ಎಂಬ ನಂಬರಿನೊಂದಿಗೆ ದಿನ, ಗಂಟೆ, ನಿಮಿಷ ದಾಖಲಾಗುತ್ತದೆ. ಒಂದು ನಿಮಿಷದೊಳಗೆ ಹೀಗೆ ಮತ್ತೆ ಮತ್ತೆ ಆದರೆ ನೀಲಿ ಪರದೆ. ಗಿರಾಕಿಯ ‘ಯಾವಾಗ್ ಬೇಕಾದ್ರೂ ಆಗುತ್ತೆ’ ಎಂಬ ಉತ್ತರದ ಜಾಗದಲ್ಲಿ ಸಮಯದ ಪಟ್ಟಿಯೇ ಸಿಕ್ಕಿತು. ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವವರ ಜೊತೆ ನಾನು ಸೇರುವುದಿಲ್ಲ. ಈ ಒಂದು ಸೌಲಭ್ಯ ಉಳಿಸಿದ ಗಂಟೆಗಳನ್ನು ಕಣ್ಣಾರೆ ಕಂಡಿದ್ದೇನೆ.

ವಿಸ್ತಾಗೆ ಕೆಟ್ಟ ಹೆಸರು ಬರಲು ಡ್ರೈವರುಗಳೂ ಕಾರಣ. ಹೊಸ ವ್ಯವಸ್ಥೆಗೆ ಎಲ್ಲವನ್ನೂ ಹೊಸದಾಗಿ ಬರೆಯಬೇಕಿತ್ತು, ಯಾರೂ ಸಿದ್ಧರಿರಲಿಲ್ಲ. 2008ರಲ್ಲಿ ಅಮೆರಿಕದ ಒಂದು ಮೊಕದ್ದಮೆಯಲ್ಲಿ ಮೈಕ್ರೋಸಾಫ್ಟಿನ ಒಳಗಿನ ಕಾಗದಪತ್ರ ಹೊರಬಂದವು. 2007ರಲ್ಲಿ ದಾಖಲಾದ ವಿಸ್ತಾ ಕುಸಿತಗಳಲ್ಲಿ ಶೇ 28.8 ಎನ್ವಿಡಿಯಾ ಡ್ರೈವರುಗಳ ಲೆಕ್ಕಕ್ಕೆ, ಶೇ 17.9 ಮೈಕ್ರೋಸಾಫ್ಟಿನದೇ ಲೆಕ್ಕಕ್ಕೆ, ಶೇ 9.3 ಎಟಿಐ ಲೆಕ್ಕಕ್ಕೆ. 2008ರ ಜುಲೈನಲ್ಲಿ ಎನ್ವಿಡಿಯಾ ಲ್ಯಾಪ್‌ಟಾಪ್ ಚಿಪ್ಪುಗಳ ದೋಷಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. ಚಿಪ್ಪಿಗೂ ಅದರ ಪೀಠಕ್ಕೂ ನಡುವಿನ ಜೋಡಣೆಯ ಸಾಮಗ್ರಿ ಕಾವು ತಾಳುತ್ತಿರಲಿಲ್ಲ. ಆ ಸಮಯದಲ್ಲಿ ಚಿಪ್ಪಿಗೆ ಬಿಸಿಗಾಳಿ ಹೊಡೆದು ‘ರೆಡಿ’ ಮಾಡಿ ಕೊಡುವವರು ಎಲ್ಲೆಡೆ ಹುಟ್ಟಿಕೊಂಡರು. ಅದನ್ನು ರಿಪೇರಿ ಎಂದು ನಾನು ಒಪ್ಪುವುದಿಲ್ಲ. ಕೆಲವು ವಾರಗಳಲ್ಲಿ ಅದೇ ಲ್ಯಾಪ್‌ಟಾಪ್ ವಾಪಸ್ ಬರುತ್ತದೆ, ಅಷ್ಟರಲ್ಲಿ ಗಿರಾಕಿಯ ದುಡ್ಡು ಹೋಗಿರುತ್ತದೆ.

ಈಗಿನ ತೊಂದರೆಯ ಸ್ವರೂಪವೇ ಬೇರೆ. ಕಪಾಸಿಟರುಗಳು ಗಟ್ಟಿ ಬಗೆಯವು, ಉಬ್ಬುವುದು ಅಪರೂಪ. ಫ್ಯಾನುಗಳು ಬೇಡವಾದಾಗ ನಿಲ್ಲುವಷ್ಟು ಜಾಣ. ಆದರೆ ಆ ಜಾಣತನವೂ ಡ್ರೈವರಿನ ಕೈಯಲ್ಲಿದೆ. 2010ರ ಮಾರ್ಚಿನಲ್ಲಿ ಎನ್ವಿಡಿಯಾ 196.75 ಎಂಬ ಡ್ರೈವರನ್ನು ಹಿಂತೆಗೆದುಕೊಂಡದ್ದು ಇದಕ್ಕೇ: ಅದು ಕೆಲವು ಕಾರ್ಡುಗಳ ಫ್ಯಾನಿನ ವೇಗವನ್ನು ಸರಿಯಾಗಿ ನಡೆಸದೆ ಕಾರ್ಡುಗಳು ವಿಪರೀತ ಕಾಯುತ್ತಿದ್ದವು. ಇಂಥ ಫೈಲನ್ನು ಹಿಂದೆ ನಾವೇ ಆರಿಸಿ ಹಾಕುತ್ತಿದ್ದೆವು. ಈಗ ವಿಂಡೋಸ್ ಅಪ್‌ಡೇಟ್ ತರುತ್ತದೆ, ಕಾರ್ಡ್ ಕಂಪನಿಯ ಆ್ಯಪ್ ತರುತ್ತದೆ, ಕೆಲವು ಸಲ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಹಾಗಾಗಿ ಯಾರಾದರೂ ಕರೆದರೆ ನಾನು ಮೊದಲು ತೆರೆಸುವುದು ರಿಲಯಬಿಲಿಟಿ ಹಿಸ್ಟರಿಯ ಪುಟ. ಯಾವ ದಿನ ಏನು ಇನ್‌ಸ್ಟಾಲ್ ಆಯಿತು, ಯಾವ ದಿನ ಕೆಂಪು ಗುರುತು ಶುರುವಾಯಿತು ಎರಡೂ ಒಂದೇ ಸಾಲಿನಲ್ಲಿ ಕಾಣುತ್ತವೆ. ದಿನಾಂಕ ಕೂಡಿದರೆ ದಾರಿ ಸ್ಪಷ್ಟ: ನೆಟ್ ಕೇಬಲ್ ತೆಗೆದು, ಸೇಫ್ ಮೋಡಿಗೆ ಹೋಗಿ, ಡಿಡಿಯು ಎಂಬ ಉಚಿತ ಪ್ರೋಗ್ರಾಮಿನಿಂದ ಹಳೆಯ ಡ್ರೈವರನ್ನು ಬೇರು ಸಮೇತ ಕಿತ್ತು, ಮೊದಲೇ ಇಳಿಸಿಟ್ಟುಕೊಂಡ ಹಿಂದಿನ ಆವೃತ್ತಿ ಹಾಕುವುದು. ನೆಟ್ ಕೇಬಲ್ ತೆಗೆಯುವುದನ್ನು ಮರೆಯಬಾರದು. ಇಲ್ಲವಾದರೆ ನೀವು ಕಿತ್ತ ಮರುನಿಮಿಷವೇ ವಿಂಡೋಸ್ ತನ್ನದನ್ನು ತಂದು ಹಾಕಿರುತ್ತದೆ.

ದಿನಾಂಕ ಕೂಡದಿದ್ದಾಗ ನಾನು ಮತ್ತೆ ಕರೆಂಟಿನ ಕಡೆಗೇ ಹೋಗುತ್ತೇನೆ. ಹೋದ ವರ್ಷ ಮದುವೆ ವಿಡಿಯೊ ಎಡಿಟ್ ಮಾಡುವ ಒಬ್ಬರು ಕರೆದರು. ಹೊಸ ಕಾರ್ಡು, ರೆಂಡರ್ ಕೊಟ್ಟ ಕೆಲವೇ ನಿಮಿಷಕ್ಕೆ ಪರದೆ ಕಪ್ಪು, ದಾಖಲೆಯಲ್ಲಿ ಸಾಲು ಸಾಲು 4101. ದೂರದಿಂದಲೇ ಸಿಸ್ಟಮ್ಮಿನೊಳಗೆ ಹೋಗಿ ಡ್ರೈವರ್ ಬದಲಿಸಿ ನೋಡಿ ಆಗಿತ್ತು. ‘ಕ್ಯಾಬಿನೆಟ್ ಬಾಗಿಲು ತೆಗೆದು ಒಂದು ಫೋಟೊ ಕಳಿಸಿ’ ಎಂದೆ. ಫೋಟೊದಲ್ಲಿ ಉತ್ತರವಿತ್ತು. ಕಾರ್ಡಿಗೆ ಎಂಟು ಪಿನ್ನಿನ ಎರಡು ಪವರ್ ಜಾಗಗಳು. ಎರಡಕ್ಕೂ ಎಸ್‌ಎಂಪಿಎಸ್ಸಿನಿಂದ ಬಂದ ಒಂದೇ ವಯರಿನ ಎರಡು ಮೂತಿಗಳು. ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ಒಂದೊಂದು ಎಂಟು ಪಿನ್ನಿಗೆ 150 ವ್ಯಾಟ್ ಎಂದು ಲೆಕ್ಕ. ಎರಡರ ಹೊರೆ ಒಂದೇ ವಯರಿನ ಮೇಲೆ ಬಿದ್ದರೆ ಕಾರ್ಡು ಜೋರಾಗಿ ಎಳೆದಾಗ ವೋಲ್ಟೇಜ್ ಇಳಿಯುತ್ತದೆ. ಪೆಟ್ಟಿಗೆಯಲ್ಲಿ ಹಾಗೇ ಬಿದ್ದಿದ್ದ ಇನ್ನೊಂದು ವಯರನ್ನು ಸಿಕ್ಕಿಸಿದರು. ರಾತ್ರಿಯಿಡೀ ರೆಂಡರ್ ಓಡಿತು. ಆ ಸಿಸ್ಟಂ ಬಿಲ್ಡ್ ಮಾಡಿದವರು ದುಡ್ಡು ತೆಗೆದುಕೊಂಡು ಇಷ್ಟು ನೋಡಬೇಕಿತ್ತು.

ಜಾಗತಿಕ ಮಟ್ಟದಲ್ಲೇ ಇಂಥದ್ದು ನಡೆದದ್ದೂ ಇದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಪ್ರೊಸೆಸರುಗಳಿದ್ದ ಸಿಸ್ಟಮ್ಮುಗಳಲ್ಲಿ ಗೇಮು ಕುಸಿಯುತ್ತಿತ್ತು, ಸಂದೇಶ ಮಾತ್ರ ‘ವಿಡಿಯೊ ಮೆಮೊರಿ ಸಾಲದು’ ಎಂದು ಬರುತ್ತಿತ್ತು. ಹತ್ತಾರು ಜಿಬಿ ಮೆಮೊರಿ ಇರುವ ಕಾರ್ಡಿನ ಮೇಲೆ ಈ ದೂರು. ಜನ ಕಾರ್ಡು ಬದಲಿಸಿದರು, ಡ್ರೈವರ್ ಕಿತ್ತು ಹಾಕಿದರು. ದೋಷ ಪ್ರೊಸೆಸರಿನಲ್ಲಿತ್ತು: ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜಿನಿಂದ ಅದು ಒಳಗೊಳಗೇ ಸವೆಯುತ್ತಿತ್ತು. 2024ರ ಆಗಸ್ಟಿನಲ್ಲಿ ಇಂಟೆಲ್ ಮೈಕ್ರೋಕೋಡ್ ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಡಿಟಿಪಿ ಸೆಂಟರಿನ ಪ್ರಿಂಟರಿಗೂ ಇದಕ್ಕೂ ಜಾತಿ ಒಂದೇ. ಪರದೆಯ ಮೇಲಿನ ಹೆಸರು ಬಿದ್ದವನದು. ತಳ್ಳಿದವನನ್ನು ಬೇರೆ ಕಡೆ ಹುಡುಕಬೇಕು.

ಹುಡುಕುವ ಹಳೆಯ ವಿಧಾನ ಈಗ ಕಷ್ಟವಾಗಿದೆ. ಚಾಲ್ತಿಯಲ್ಲಿರುವ ಇನ್ನೊಂದು ಕಾರ್ಡು ಹಾಕಿ ನೋಡುವುದು, ಈ ಕಾರ್ಡನ್ನು ಇನ್ನೊಂದು ಸಿಸ್ಟಮ್ಮಿಗೆ ಹಾಕಿ ನೋಡುವುದು ಎಲ್ಲಕ್ಕಿಂತ ನಂಬಲರ್ಹ ಪರೀಕ್ಷೆ. ಆಗ ಸರ್ವಿಸ್ ಅಂಗಡಿಯ ಡ್ರಾಯರಿನಲ್ಲಿ ಕಾರ್ಡುಗಳ ರಾಶಿಯೇ ಇರುತ್ತಿತ್ತು. ಆರ್‌ಟಿಎಕ್ಸ್ 4090 ಕಾರ್ಡು ಒಂದೇ 450 ವ್ಯಾಟ್ ಬೇಡುತ್ತದೆ. ಅದನ್ನು ಬದಲಿಸಿ ನೋಡಲು ಅಂಥದೇ ಎಸ್‌ಎಂಪಿಎಸ್, ಅಂಥದೇ ಕ್ಯಾಬಿನೆಟ್ ಬೇಕು. ಸಣ್ಣ ಊರಿನ ಯಾವ ಅಂಗಡಿಯೂ ಅದನ್ನು ಬಿಡಿಯಾಗಿ ಇಟ್ಟುಕೊಳ್ಳಲಾರದು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಗಣಿಗಾರಿಕೆ ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವೇನಲ್ಲ, ಆದರೆ ಅರ್ಧ ಗಂಟೆ ಭಾರ ಹಾಕಿ ಓಡಿಸಿ ನೋಡದೆ ಹಣ ಕೊಡಬಾರದು.

ಇನ್ನೊಂದು ಸಂಗತಿ ಸುತ್ತು ಹೊಡೆದು ಬಂದಿದೆ. 2000ದ ಡಿಸೆಂಬರಿನಲ್ಲಿ 3ಡಿಎಫ್ಎಕ್ಸ್ ಕಂಪನಿ ತನ್ನ ಆಸ್ತಿಯನ್ನು ಎನ್ವಿಡಿಯಾಗೆ ಮಾರಲು ಒಪ್ಪಿ ಬಾಗಿಲು ಹಾಕುವುದಾಗಿ ಘೋಷಿಸಿತು. ಮರುವರ್ಷ ಎಕ್ಸ್‌ಪಿ ಬಂದಾಗ ಅದರ ವೂಡೂ ಕಾರ್ಡು ಇದ್ದವರಿಗೆ ಕಂಪನಿಯ ಪೂರ್ತಿ ಡ್ರೈವರ್ ಸಿಗಲೇ ಇಲ್ಲ. ಕಾರ್ಡು ಗಟ್ಟಿಯಾಗಿತ್ತು, ಡ್ರೈವರ್ ಇಲ್ಲದೆ ಕೆಲಸಕ್ಕೆ ಬಾರದಾಯಿತು. ಈಗ ನಮ್ಮ ಊರಿನ ಮನೆಗಳಲ್ಲಿ, ಸ್ಟುಡಿಯೊಗಳಲ್ಲಿ ಇನ್ನೂ ಓಡುತ್ತಿರುವ ಎನ್ವಿಡಿಯಾದ ಜಿಟಿಎಕ್ಸ್ 750 ಟಿಐ, 1050 ಟಿಐ ಕಾರ್ಡುಗಳಿಗೆ 2025ರ ಅಕ್ಟೋಬರಿಗೆ ಹೊಸ ಡ್ರೈವರುಗಳು ಮುಗಿದಿವೆ. ವಿಂಡೋಸ್ 10ರ ಬೆಂಬಲ ನಿಂತದ್ದೂ ಅದೇ ತಿಂಗಳು 14ಕ್ಕೆ. ಈ ಸಲ ಕಂಪನಿ ಬಾಗಿಲು ಹಾಕಿಲ್ಲವಾದ್ದರಿಂದ ಸುರಕ್ಷತೆಯ ತಿದ್ದುಪಡಿಗಳು 2028ರ ಅಕ್ಟೋಬರಿನವರೆಗೆ ಮೂರು ತಿಂಗಳಿಗೊಮ್ಮೆ ಬರುತ್ತವೆ. ಅಂಥ ಕಾರ್ಡು ಇರುವವರು ಸದ್ಯ ತೊಂದರೆ ಕೊಡದೆ ನಡೆಯುತ್ತಿರುವ ಡ್ರೈವರಿನ ಫೈಲನ್ನು, ಅದರ ಆವೃತ್ತಿಯ ನಂಬರು ಬರೆದು, ಒಂದು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬೇಕು. ನಮ್ಮ ಬೀದಿಯ ಫ್ಲೆಕ್ಸ್ ಅಂಗಡಿಯವರಿಗೆ ಮೊನ್ನೆ ನಾನೇ ಮಾಡಿಕೊಟ್ಟು ಬಂದೆ.